ಬಳ್ಳಾರಿ ರಸ್ತೆಯ ಹಳಬರು



ವಿಮಾನ ಹತ್ತಲು ಹೊರಟವರು ಬಳ್ಳಾರಿ ರಸ್ತೆಯನ್ನು ನೋಡುವುದಿಲ್ಲ, ಗಡಿಯಾರ ನೋಡುತ್ತಾರೆ. ಮೇಖ್ರಿ ವೃತ್ತದಲ್ಲಿ ನಿಟ್ಟುಸಿರು, ಹೆಬ್ಬಾಳದ ಮೇಲ್ಸೇತುವೆಯಲ್ಲಿ ಒಂದಿಷ್ಟು ಶಾಪ, ಯಲಹಂಕ ದಾಟಿದ ಮೇಲೆ ಸಮಾಧಾನ. ಅಲ್ಲಿಂದಾಚೆಗೆ ಚಾಲಕನ ಕಾಲು ಆಕ್ಸಿಲರೇಟರ್ ಬಿಟ್ಟು ಏಳುವುದಿಲ್ಲ. ಹೀಗೆ ಒಂದು ಗಂಟೆಯಲ್ಲಿ ನಾವು ಹಾದುಹೋಗುವ ದಾರಿಯ ಎಡಬಲದಲ್ಲಿ ಬೆಂಗಳೂರಿಗಿಂತ ವಯಸ್ಸಿನಲ್ಲಿ ಹಿರಿಯವಾದ ಊರುಗಳಿವೆ. ಬೆಂಗಳೂರು ಪೇಟೆಗೆ ಕೆಂಪೇಗೌಡ ಗುದ್ದಲಿ ಹಾಕಿದ್ದು 1537ರಲ್ಲಿ ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ದೇವನಹಳ್ಳಿಯ ಮಣ್ಣಿನ ಕೋಟೆ ಅದಕ್ಕಿಂತ 36 ವರ್ಷ ಮುಂಚಿನದು. ಯಲಹಂಕ ಅದಕ್ಕೂ ಹಳೆಯದು. ಹೆಬ್ಬಾಳದ ಮುಂದಂತೂ ಬೆಂಗಳೂರು ಎಳೆಕೂಸು.

ಈ ಊರುಗಳ ಹಳೆಯ ಕಟ್ಟಡಗಳ ಬಗ್ಗೆ ಇವತ್ತು ಮಾತಾಡಬೇಕೆಂದಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಉಳಿದಿರುವುದರಲ್ಲಿ ಹೆಚ್ಚಿನದು ಯಾರೋ ಕಾಪಾಡಿದ್ದರಿಂದ ಉಳಿದದ್ದಲ್ಲ, ಯಾರೋ ಬಳಸುತ್ತಿದ್ದರಿಂದ ಉಳಿದದ್ದು. ದೀಪ ಹಚ್ಚುತ್ತಿದ್ದ ಗುಡಿ, ಟಿಕೆಟ್ ಕೊಡುತ್ತಿದ್ದ ನಿಲ್ದಾಣ, ಒಲೆ ಉರಿಯುತ್ತಿದ್ದ ಮನೆ ಇಂದಿಗೂ ಇವೆ. ಯಾರಿಗೂ ಬೇಡವಾದದ್ದು ಒಂದೋ ಮಣ್ಣಿನಡಿ ಸೇರಿದೆ, ಇಲ್ಲವೇ ಯಂತ್ರದ ಬಾಯಿಗೆ ಬಿದ್ದಿದೆ.

ಮಣ್ಣಿನಡಿ ಸೇರಿದ್ದರಿಂದಲೇ ಶುರು ಮಾಡೋಣ. 2018ರಲ್ಲಿ ಹೆಬ್ಬಾಳದ ಹಳೆಯ ಊರಿನ ಒಂದು ಗಲ್ಲಿಯಲ್ಲಿ ಚರಂಡಿ ಕೆಲಸಕ್ಕೆಂದು ನೆಲ ಅಗೆದರು. ಅಗೆದ ಗುಂಡಿಯ ಪಕ್ಕದಲ್ಲಿ ಒಂದು ಕಲ್ಲು ಕಂಡಿತು, ಅದರ ಮೇಲೆ ವೀರನೊಬ್ಬನ ಚಿತ್ರ, ಜೊತೆಗೆ ಅಕ್ಷರಗಳು. ಬೆಂಗಳೂರಿನ ಶಾಸನಗಳನ್ನು ಹುಡುಕಿಕೊಂಡು ಓಡಾಡುವ ಒಂದಿಷ್ಟು ಮಂದಿ ಇದ್ದಾರೆ. ಸಂಬಳಕ್ಕೆ ಬೇರೆ ಕೆಲಸ, ಮನಸ್ಸಿಗೆ ಈ ಕೆಲಸ. ಅವರ ಕಣ್ಣಿಗೆ ಅದು ಬಿತ್ತು. ಲಿಪಿತಜ್ಞರು ಓದಿದಾಗ ಗೊತ್ತಾದದ್ದು: ಅದು ಸುಮಾರು ಕ್ರಿ.ಶ. 750ರ ವೀರಗಲ್ಲು, ಗಂಗರ ಅರಸ ಶ್ರೀಪುರುಷನ ಕಾಲದ್ದು. ಪೆರ್ಬೊಳಲ್ನಾಡು ಮೂವತ್ತು ಎಂಬ ಆಡಳಿತ ವಿಭಾಗದ ಹೆಸರು ಅದರಲ್ಲಿದೆ. ರಟ್ಟರ ದಾಳಿಯನ್ನು ಎದುರಿಸಿ ಹೋರಾಡಿ ಸತ್ತ ಕಿತ್ತಯ್ಯ ಎಂಬಾತನ ನೆನಪಿಗೆ ಅದನ್ನು ನಿಲ್ಲಿಸಿದ್ದಾರೆ. ಬೆಂಗಳೂರು ನಗರದೊಳಗೆ ಈವರೆಗೆ ಸಿಕ್ಕ ಕನ್ನಡ ಶಾಸನಗಳಲ್ಲಿ ಇದಕ್ಕಿಂತ ಹಳೆಯದಿಲ್ಲ. ಬೆಂಗಳೂರು ಎಂಬ ಹೆಸರನ್ನು ಮೊದಲು ಹೇಳುವ ಬೇಗೂರಿನ ವೀರಗಲ್ಲು ಕೂಡ ಇದಕ್ಕಿಂತ ಸುಮಾರು 140 ವರ್ಷ ಕಿರಿಯದು.

ನನಗೆ ಈ ಕತೆಯಲ್ಲಿ ಹಿಡಿಸುವುದು ಕಲ್ಲಿನ ಪ್ರಾಯಕ್ಕಿಂತ ಕಿತ್ತಯ್ಯನ ಅಂತಸ್ತು. ಆತ ರಾಜನಲ್ಲ, ದಂಡನಾಯಕನಲ್ಲ, ಅವನ ಹೆಸರಿನ ಹಿಂದೆ ಮುಂದೆ ಬಿರುದುಗಳ ಸಾಲಿಲ್ಲ. ಊರ ಮೇಲೆ ಬಿದ್ದವರನ್ನು ತಡೆದ, ಸತ್ತ, ಊರವರು ಒಂದು ಕಲ್ಲು ನೆಟ್ಟರು. ಬಿ. ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳನ್ನೆಲ್ಲ ಕಲೆಹಾಕಿ ಎಪಿಗ್ರಾಫಿಯ ಕರ್ನಾಟಿಕದ 9ನೆಯ ಸಂಪುಟವಾಗಿ ಅಚ್ಚುಹಾಕಿಸಿದ್ದು 1905ರಲ್ಲಿ. ಆ ದೊಡ್ಡ ಜರಡಿಗೂ ಸಿಗದೆ ಕಿತ್ತಯ್ಯ ಇನ್ನೊಂದು ನೂರು ವರ್ಷ ಮಲಗಿದ್ದ. ಈಗ ಹೆಬ್ಬಾಳದಲ್ಲೇ ಆ ಕಲ್ಲಿಗೊಂದು ಮಂಟಪವಾಗಿದೆ. ವಸ್ತುಸಂಗ್ರಹಾಲಯಕ್ಕೆ ಸಾಗಿಸದೆ ಸತ್ತವನ ಊರಲ್ಲೇ ಉಳಿಸಿಕೊಂಡದ್ದು ಒಳ್ಳೆಯ ತೀರ್ಮಾನ.

ಹೆಬ್ಬಾಳದಲ್ಲಿ ಇನ್ನೊಂದು ಬಗೆಯ ಪರಂಪರೆಯೂ ಇದೆ, ಅದು ನೆಲದ್ದು. 1899ರಲ್ಲಿ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಇಲ್ಲಿ 30 ಎಕರೆ ಜಮೀನನ್ನು ಕೃಷಿ ಪ್ರಯೋಗಕ್ಕೆ ಕೊಟ್ಟರು. ಕೆನಡಾದಿಂದ ಬಂದ ಲೆಹ್ಮನ್ ಎಂಬ ರಸಾಯನ ವಿಜ್ಞಾನಿ, ಆಮೇಲೆ ಅದೇ ದೇಶದ ಲೆಸ್ಲಿ ಕೋಲ್ಮನ್ ಇಲ್ಲಿ ದುಡಿದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಮಲೆನಾಡಿಗೆ ಕಲಿಸಿದವರು ಇದೇ ಕೋಲ್ಮನ್. ಇಂದಿನ ಕೃಷಿ ವಿಶ್ವವಿದ್ಯಾಲಯದ ಬೇರು ಆ 30 ಎಕರೆಯಲ್ಲಿದೆ.

ಇನ್ನು ಯಲಹಂಕ. ಕೆಂಪೇಗೌಡರ ಹೆಸರಿಗೆ ಮುಂಚೆ ಯಲಹಂಕ ನಾಡಪ್ರಭು ಎನ್ನದೆ ಕಾರ್ಯಕ್ರಮದ ನಿರೂಪಕರು ಮುಂದೆ ಹೋಗುವುದಿಲ್ಲ. ಹಾಗಾದರೆ ಆ ನಾಡಪ್ರಭುಗಳ ಯಲಹಂಕ ಎಲ್ಲಿದೆ? ಉಪನಗರದಲ್ಲಿ ಹುಡುಕಬೇಡಿ, ಅದು ಗೃಹಮಂಡಳಿ ಮಾಡಿದ್ದು. 1984ರಲ್ಲಿ ಉದ್ಘಾಟನೆಯಾದ ರೈಲು ಗಾಲಿ ಕಾರ್ಖಾನೆ, ವಾಯುಪಡೆಯ ನೆಲೆ, ದೊಡ್ಡಬಳ್ಳಾಪುರ ರಸ್ತೆ ಬದಿಯಲ್ಲಿ ನಿಂತ ನಮ್ಮ ಆಕಾಶವಾಣಿಯದೇ ಶಾರ್ಟ್‌ವೇವ್ ಪ್ರಸಾರ ಗೋಪುರಗಳು, ಇವೆಲ್ಲ ಹೊಸ ಯಲಹಂಕ. ಕೆರೆಯ ಸುತ್ತಮುತ್ತಲ ಇಕ್ಕಟ್ಟಿನ ಬೀದಿಗಳಿಗೆ ಬನ್ನಿ, ಅದು ಹಳೇ ಪಟ್ಟಣ.

ಚೋಳರ ಕಾಲದ ತಮಿಳು ಶಾಸನಗಳಲ್ಲಿ ಈ ಸೀಮೆಯನ್ನು ಇಲೈಪಾಕ್ಕ ನಾಡು ಎಂದು ಕರೆದಿದ್ದಾರೆ. ಹೊಯ್ಸಳರ ಕಾಲಕ್ಕೆ ಇದೇ ಒಂದು ನಾಡಿನ ತಲೆಯೂರು. ನಮ್ಮ ಕೆಂಪೇಗೌಡರ ಮನೆತನದ ಜಯಗೌಡರು ಇಲ್ಲಿ ವಿಜಯನಗರದ ಸಾಮಂತರಾಗಿ ನೆಲೆಯೂರಿದ್ದು 15ನೆಯ ಶತಮಾನದ ಮೊದಲ ಪಾದದಲ್ಲಿ. ಅವರ ನಂತರ ಗಿಡ್ಡೇಗೌಡ, ಕೆಂಪನಂಜೇಗೌಡ, ಆಮೇಲೆ ಹಿರಿಯ ಕೆಂಪೇಗೌಡ. ವಿಜಯನಗರದ ಅರಸ ಅಚ್ಯುತರಾಯನ ಒಪ್ಪಿಗೆ ಪಡೆದು ಅವನು ದಕ್ಷಿಣಕ್ಕೆ ಹೊಸ ಪೇಟೆ ಕಟ್ಟಿಕೊಂಡು ಹೊರಟುಹೋದ. ರಾಜಧಾನಿ ಎದ್ದುಹೋದ ಊರಿಗೆ ಏನಾಗುತ್ತದೆ ಎಂದು ನೋಡಬೇಕಾದವರು ಯಲಹಂಕಕ್ಕೆ ಬರಬೇಕು. ಪ್ರಭುಗಳ ಕೋಟೆ, ಅರಮನೆ ಯಾವುದೂ ಕಣ್ಣಿಗೆ ಬೀಳುವಂತೆ ಉಳಿದಿಲ್ಲ. ವೇಣುಗೋಪಾಲಸ್ವಾಮಿ ಇದ್ದಾನೆ, ಮಹೇಶ್ವರಮ್ಮ ಇದ್ದಾಳೆ, ಕೆರೆ ಇದೆ. ದೇವರಿಗೆ ಪೂಜೆ ನಿಲ್ಲಲಿಲ್ಲ, ಕೆರೆಗೆ ನೀರು ಬರುವುದು ನಿಲ್ಲಲಿಲ್ಲ, ಹಾಗಾಗಿ ಅವು ಇವೆ. ಪ್ರಭುಗಳ ಮನೆಗೆ ಪ್ರಭುಗಳೇ ಬೇಕಿತ್ತು.

ಇದೇ ಯಲಹಂಕ ನಾಡಿನ ನೆಲದಲ್ಲಿ, ವಿಮಾನ ನಿಲ್ದಾಣದ ಅಂಗಳದಲ್ಲಿ, 2022ರ ನವೆಂಬರ್‌ನಲ್ಲಿ ಕೆಂಪೇಗೌಡರ 108 ಅಡಿ ಎತ್ತರದ ಪ್ರತಿಮೆ ಎದ್ದಿತು. ಬೇಡವೆನ್ನಲಾರೆ, ದೊಡ್ಡವರಿಗೆ ದೊಡ್ಡ ಪ್ರತಿಮೆ ಇರಲಿ. ಆದರೆ ಅವರ ಹಳೇ ಪಟ್ಟಣದ ಬೀದಿಗಳಲ್ಲಿ, ಇಲ್ಲಿ ಏನಿತ್ತು ಎಂದು ಹೇಳುವ ಎರಡು ಸಾಲಿನ ಫಲಕಗಳಿಗೆ ಆ ಖರ್ಚಿನ ಬಿಡಿಗಾಸು ಸಾಕಿತ್ತು. ಮೇಖ್ರಿ ವೃತ್ತದ ಬಳಿ, ರಮಣ ಮಹರ್ಷಿಗಳ ಹೆಸರಿನ ಉದ್ಯಾನದಲ್ಲಿ ಕೆಂಪೇಗೌಡ ಗೋಪುರವಿದೆ. ನಾಲ್ಕು ದಿಕ್ಕಿನ ನಾಲ್ಕು ಗೋಪುರಗಳಲ್ಲಿ ಉತ್ತರದ್ದು ಅದು. ಅದನ್ನು ಕಟ್ಟಿಸಿದವನು ಮಗ ಇಮ್ಮಡಿ ಕೆಂಪೇಗೌಡ ಎಂಬುದು ಹೆಚ್ಚು ಜನ ಒಪ್ಪುವ ಮಾತು. ಬೆಂಗಳೂರು ಇಷ್ಟರ ತನಕ ಬೆಳೆದೀತು ಎಂದು ಗೆರೆ ಹಾಕಿದರಂತೆ ಎನ್ನುವುದು ಜನಜನಿತ ಕತೆ. ಕತೆ ನಿಜವೇ ಆಗಿದ್ದರೆ, ಗೆರೆ ದಾಟಿದ ಬೆಂಗಳೂರು ಹಿಂದಿರುಗಿ ತನ್ನ ತಾಯೂರಾದ ಯಲಹಂಕವನ್ನೇ ನುಂಗಿದೆ.

ಯಲಹಂಕದಿಂದ ಮುಂದಕ್ಕೆ ಹೋಗಲು ಒಂದು ಸಲಹೆ. ಕಾರು ಬಿಡಿ, ರೈಲು ಹತ್ತಿ. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಹಳಿಗೆ ನೂರು ವರ್ಷ ದಾಟಿದೆ. 1915ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಬೆಂಗಳೂರು–ಚಿಕ್ಕಬಳ್ಳಾಪುರ ಲಘು ರೈಲು ಓಡಿತು. ಎರಡೂವರೆ ಅಡಿ ಅಗಲದ ಹಳಿ, ಪುಟ್ಟ ಎಂಜಿನ್, ಪುಟ್ಟ ಡಬ್ಬಿಗಳು. ದೊಡ್ಡ ರೈಲು ಕಂಪನಿಗಳು ಮದ್ರಾಸು ಮುಂಬಯಿಗಳ ಕಡೆ ಮುಖ ಮಾಡಿದ್ದಾಗ, ನಮ್ಮ ಬಯಲುಸೀಮೆಯ ಸಣ್ಣ ಊರುಗಳನ್ನು ಪೇಟೆಗೆ ಹೊಂದಿಸಿದ ಹಳಿಗಳು ಇವು. ಮುಂದೆ ಇದೇ ಹಳಿ ಚಿಂತಾಮಣಿ, ಕೋಲಾರಗಳ ಮೂಲಕ ಬಂಗಾರಪೇಟೆಯವರೆಗೆ ಕೂಡಿಕೊಂಡಿತು. 1990ರ ದಶಕದಲ್ಲಿ ಯಲಹಂಕ–ಚಿಕ್ಕಬಳ್ಳಾಪುರ ನಡುವೆ ಚಿಕ್ಕ ಹಳಿ ಕಿತ್ತು ಬ್ರಾಡ್‌ಗೇಜ್ ಹಾಕಿದರು.

ಬೆಟ್ಟಹಲಸೂರು, ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್: ಈ ಹಳೆಯ ನಿಲ್ದಾಣದ ಕಟ್ಟಡಗಳನ್ನು ನೋಡಲು ಟಿಕೆಟಿನ ಹಣ ಬಿಟ್ಟರೆ ಬೇರೆ ಖರ್ಚಿಲ್ಲ. ದಪ್ಪ ಗೋಡೆ, ಹೆಂಚಿನ ಮಾಡು, ಒಂದು ಟಿಕೆಟ್ ಕಿಂಡಿ, ನೆರಳಿಗೊಂದು ಜಗಲಿ. ಅರಮನೆಗಳನ್ನು ಕಟ್ಟಿದವರ ಹೆಸರು ನಮಗೆ ಗೊತ್ತು, ಇವನ್ನು ಕಟ್ಟಿದ ಓವರ್‌ಸಿಯರ್, ಗಾರೆಯವರ ಹೆಸರು ಯಾರಿಗೂ ಗೊತ್ತಿಲ್ಲ. ಆದರೆ ಅಳತೆ ಬಲ್ಲವರ ಕೆಲಸ ಅದು, ಎಷ್ಟು ಬೇಕೋ ಅಷ್ಟೇ ಕಟ್ಟಿದ್ದಾರೆ. ಬ್ರಾಡ್‌ಗೇಜ್ ಬಂದಮೇಲೆ ಕೆಲವು ನಿಲ್ದಾಣಗಳಲ್ಲಿ ಮಾಸ್ತರರೂ ಇಲ್ಲದಾಗಿ ಬಾಗಿಲು ಕಿಟಕಿ ಕಳ್ಳರ ಪಾಲಾಗುವ ಹೊತ್ತಿಗೆ, ಪರಂಪರೆಯ ಸಂಸ್ಥೆಯಾದ ಇಂಟ್ಯಾಕ್‌ನ ಬೆಂಗಳೂರು ಶಾಖೆ ನೈಋತ್ಯ ರೈಲ್ವೆಯ ಜೊತೆಗೂಡಿ ಕೈಹಾಕಿತು. ನಂದಿ ಹಾಲ್ಟ್ ಕಟ್ಟಡ ಮತ್ತೆ ಎದ್ದು ನಿಂತಿದೆ. ಸುಣ್ಣಬಣ್ಣ ಹೊಡೆದು ಬೀಗ ಹಾಕಿದರೆ ಇನ್ನೆರಡು ದಶಕದಲ್ಲಿ ಅದು ಮತ್ತೆ ಹಾಳಾಗುತ್ತದೆ. ಅಲ್ಲಿ ಕಾಫಿ ಮಾರಲಿ, ಚಿತ್ರ ಪ್ರದರ್ಶಿಸಲಿ, ಊರ ಮಕ್ಕಳಿಗೆ ವಾಚನಾಲಯವಾಗಲಿ. ಬಾಗಿಲು ದಿನಾ ತೆರೆಯಬೇಕು, ಅಷ್ಟೇ. 2021ರಿಂದ ಇದೇ ಹಳಿಯಲ್ಲಿ ವಿಮಾನ ನಿಲ್ದಾಣಕ್ಕೂ ಒಂದು ಹಾಲ್ಟ್ ಆಗಿದೆ.

ರಸ್ತೆಯಲ್ಲೇ ಹೋಗುವವರಿಗೆ ಚಿಕ್ಕಜಾಲದ ಬಳಿ ಪಾಳು ಕಟ್ಟಡವೊಂದು, ಪಕ್ಕದಲ್ಲಿ ಕಲ್ಯಾಣಿ ಕಾಣುತ್ತದೆ. ಜನ ಅದನ್ನು ಚಿಕ್ಕಜಾಲದ ಕೋಟೆ ಎನ್ನುತ್ತಾರೆ, ಹತ್ತಿರ ಹೋದರೆ ದೇವಸ್ಥಾನದ ಲಕ್ಷಣವೇ ಹೆಚ್ಚು. ಅದರ ಬಗ್ಗೆ ದೆವ್ವದ ಕತೆ ಹೇಳುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಪೂಜೆ ನಿಂತ ಕಟ್ಟಡಕ್ಕೆ ನಮ್ಮಲ್ಲಿ ಕೊನೆಗೆ ಸಿಗುವ ಒಕ್ಕಲು ದೆವ್ವವೇ.

ಈಗ ದೇವನಹಳ್ಳಿ. 2008ರಲ್ಲಿ ವಿಮಾನ ಇಳಿಯುವ ತನಕ ಇದು ಚಕ್ಕೋತದ ಊರು. ಕೋಟೆ ಬಾಗಿಲಿಗೆ ಬಂದರೆ ಊರಿನ ಹಳೆಯ ನಿಧಾನ ಈಗಲೂ ಸಿಗುತ್ತದೆ. ಹೊರಗೆ ಬಸ್ಸಿನ ಹಾರನ್, ಒಳಗೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುವವರು.

ಕೋಟೆಯ ಚರಿತ್ರೆ ಆವತಿಯಿಂದ ಶುರುವಾಗುತ್ತದೆ. ದೇವನಹಳ್ಳಿ ದಾಟಿ ಉತ್ತರಕ್ಕೆ ಹೋದರೆ ಸಿಗುವ, ತಿಮ್ಮರಾಯಸ್ವಾಮಿ ಬೆಟ್ಟದ ಬುಡದ ಹಳ್ಳಿ ಆವತಿ. ಕಾಂಚಿ ಸೀಮೆಯಿಂದ ಬಂಡಿ ಕಟ್ಟಿಕೊಂಡು ತಪ್ಪಿಸಿಕೊಂಡು ಬಂದ ಮೊರಸು ಒಕ್ಕಲಿಗರ ಕುಟುಂಬಗಳು, ರಣಭೈರೇಗೌಡನ ಮುಂದಾಳ್ತನದಲ್ಲಿ ಇಲ್ಲಿ ಬಂಡಿ ಬಿಚ್ಚಿದವು ಎಂಬುದು ಐತಿಹ್ಯ. ದಬ್ಬಾಳಿಕೆಯ ಪಾಳೆಯಗಾರನಿಗೆ ಮಗಳನ್ನು ಕೊಡಲೊಪ್ಪದೆ ಊರು ಬಿಟ್ಟರಂತೆ. ಆ ಮನೆತನದವರು ಕವಲೊಡೆದು ದೇವನಹಳ್ಳಿ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ, ಯಲಹಂಕಗಳಲ್ಲಿ ಪ್ರಭುಗಳಾದರು. ಹೀಗೆ ಲೆಕ್ಕ ಹಾಕಿದರೆ ಬೆಂಗಳೂರಿನ ಅಜ್ಜಿಯ ಊರು ಆವತಿ. ಅಲ್ಲಿಗೆ ಪ್ರವಾಸಿ ಬಸ್ಸು ಹೋಗುವುದಿಲ್ಲ.

ಆ ಮನೆತನದ ಮಲ್ಲಭೈರೇಗೌಡ 1501ರಲ್ಲಿ, ದೇವನದೊಡ್ಡಿ ಎಂದಿದ್ದ ಜಾಗದಲ್ಲಿ ಮಣ್ಣಿನ ಕೋಟೆ ಕಟ್ಟಿದ. ಸುಮಾರು 250 ವರ್ಷ ಅವರ ವಂಶದ ಕೈಲಿತ್ತು. 1749ರಲ್ಲಿ ಮೈಸೂರಿನ ನಂಜರಾಜಯ್ಯ ಮುತ್ತಿಗೆ ಹಾಕಿದ. ಆ ದಂಡಿನಲ್ಲಿ ಅದುವರೆಗೆ ಹೆಸರಿಲ್ಲದ ಒಬ್ಬ ಸೈನಿಕ ತನ್ನ ಎದೆಗಾರಿಕೆಯಿಂದ ಅಧಿಕಾರಿಗಳ ಕಣ್ಣಿಗೆ ಬಿದ್ದು, 50 ಕುದುರೆ 200 ಕಾಲಾಳುಗಳ ಯಜಮಾನನಾದ. ಅವನೇ ಹೈದರಾಲಿ. ಮರುವರ್ಷ, 1750ರಲ್ಲಿ ಅವನಿಗೆ ಇಲ್ಲೇ ಮಗ ಹುಟ್ಟಿದ. ಟಿಪ್ಪು ಹುಟ್ಟಿದ ಜಾಗ ಕೋಟೆಯ ಹೊರಗಿದೆ. ಆಳೆತ್ತರದ ಕಂಬಗಳ ಒಂದು ಸಣ್ಣ ಕಲ್ಲಿನ ಆವರಣ, ಒಂದು ಶಿಲಾಫಲಕ, ಅಷ್ಟೇ. ಟಿಪ್ಪುವಿನ ಬಗ್ಗೆ ನಮ್ಮಲ್ಲಿ ನಡೆಯುವ ಕೂಗಾಟವನ್ನು ಕೇಳಿ ಇಲ್ಲಿಗೆ ಬಂದವರಿಗೆ ಈ ಸಣ್ಣ ಮಂಟಪ ಸಪ್ಪೆ ಎನಿಸಬಹುದು. ನನಗೆ ಆ ಅಳತೆಯೇ ಸರಿ ಎನಿಸುತ್ತದೆ.

ಈಗ ನಾವು ನೋಡುವ ಕಲ್ಲಿನ ಕೋಟೆ ಹೈದರ್, ಟಿಪ್ಪು ಕಾಲದ್ದು. ಮೊಟ್ಟೆಯಾಕಾರದ ಸುತ್ತು, ಸುಮಾರು 20 ಎಕರೆ, 12 ಅರೆದುಂಡು ಕೊತ್ತಲಗಳು, ಪೂರ್ವ ಪಶ್ಚಿಮಕ್ಕೆ ಒಂದೊಂದು ಬಾಗಿಲು. ಕೋಟೆಯ ಹಿರಿಮೆಗೆ ಹೋಲಿಸಿದರೆ ಬಾಗಿಲುಗಳು ಚಿಕ್ಕವು. ಮೇಲೆ ಹತ್ತಿದರೆ ತೋಪಿನ ಕಂಡಿಗಳು ಇಟ್ಟಿಗೆ ಗಾರೆಯವು. ಇಷ್ಟೆಲ್ಲ ಕಟ್ಟಿದರೂ 1791ರ ವಸಂತದಲ್ಲಿ ಕಾರ್ನ್‌ವಾಲಿಸ್ ಬಂದಾಗ ದೇವನಹಳ್ಳಿ ಬೇಗನೆ ಶರಣಾಯಿತು. ಕೆಲವೇ ತಿಂಗಳ ಮೇಲೆ ನಂದಿದುರ್ಗ ಕೊಟ್ಟ ಹೋರಾಟ ಇಲ್ಲಿ ನಡೆಯಲಿಲ್ಲ. ಯುದ್ಧ ನಡೆಯದಿದ್ದುದರಿಂದಲೇ ಗೋಡೆ ಇಷ್ಟು ಸೊಗಸಾಗಿ ಉಳಿದಿದೆಯೋ ಏನೋ.

ಒಳಗೆ ವೇಣುಗೋಪಾಲಸ್ವಾಮಿ ದೇವಾಲಯ. ಅಗಲವಾದ ಅಂಗಳ, ಎತ್ತರದ ಗರುಡಗಂಬ. ಇಲ್ಲಿ ಅವಸರ ಬೇಡ. ಗೋಡೆಯ ಉಬ್ಬುಚಿತ್ರಗಳಲ್ಲಿ ರಾಮಾಯಣವಿದೆ, ಕೃಷ್ಣನ ಬಾಲಲೀಲೆಯಿದೆ. ಬೇಲೂರಿಗೆ ಸಮ ಎಂದು ಹೊಗಳುವವರನ್ನು ನಂಬಬೇಡಿ, ಅದು ಬೇರೆ ಕೈಚಳಕ, ಇದು ಬೇರೆ. ಹೊಯ್ಸಳರ ಬಳಪದ ಕಲ್ಲು ಹೇಳಿದಂತೆ ಕೇಳುತ್ತದೆ. ನಮ್ಮ ಬಯಲುಸೀಮೆಯ ಕಣಶಿಲೆ ಹಟಮಾರಿ, ಬಂಗಾರದ ಕುಸುರಿಗೆ ಒಗ್ಗುವುದಿಲ್ಲ. ಅದಕ್ಕೇ ವಿಜಯನಗರದ ಶೈಲಿಯ ಶಿಲ್ಪಿ ಇಲ್ಲಿ ಗೆರೆ ಕಡಿಮೆ ಮಾಡಿ ಚಲನೆ ಹೆಚ್ಚಿಸಿದ್ದಾನೆ. ಸಂಜೆ ಓರೆಬಿಸಿಲು ಬಿದ್ದಾಗ ನೋಡಿ, ನಡುಹಗಲಲ್ಲಿ ಕಾಣದ ಆಕೃತಿಗಳು ಎದ್ದು ಬರುತ್ತವೆ. ಇದಲ್ಲದೆ ನಂಜುಂಡೇಶ್ವರ, ಚಂದ್ರಮೌಳೇಶ್ವರ, ರಂಗನಾಥ, ಸಿದ್ಧಲಿಂಗೇಶ್ವರ ಎಂದು ಹಲವು ಗುಡಿಗಳು. ದಿವಾನ್ ಪೂರ್ಣಯ್ಯನವರದ್ದೆನ್ನುವ ಮನೆಯೂ ಕೋಟೆಯೊಳಗಿದೆ. ಟಿಪ್ಪುವಿಗೂ ಅವನ ತರುವಾಯ ಮೈಸೂರಿನ ಅರಸರಿಗೂ ಲೆಕ್ಕ ಒಪ್ಪಿಸಿದ ಆ ಜಾಣ ಮಂತ್ರಿಯ ಹೆಸರು ಹೇಳುವ ಮನೆಗೆ ಇನ್ನಷ್ಟು ಗೌರವ ಸಲ್ಲಬೇಕಿತ್ತು.

ಆದರೆ ಕೋಟೆಯೊಳಗಿನ ನಿಜವಾದ ಪರಂಪರೆ ಅಲ್ಲಿನ ಜನವಸತಿ. ಬೆಂಗಳೂರಿನ ಕೋಟೆಯಲ್ಲಿ ಈಗ ಉಳಿದಿರುವುದು ದೆಹಲಿ ಬಾಗಿಲಿನ ಸುತ್ತಮುತ್ತಲ ತುಣುಕು ಮಾತ್ರ. ದೇವನಹಳ್ಳಿಯಲ್ಲಿ ಕೋಟೆಯೂ ಇದೆ, ಕೋಟೆಯೊಳಗೆ ಊರೂ ಇದೆ. ಮುಂಜಾನೆ ರಂಗೋಲಿ, ನಲ್ಲಿಯ ಸಾಲು, ಶಾಲೆಗೆ ಹೋಗುವ ಮಕ್ಕಳು. ಇವರಿಗೆ ಪರಂಪರೆ ಎಂದರೆ ಭಾನುವಾರದ ಕ್ಯಾಮೆರಾ ಅಲ್ಲ, ಕಾನೂನಿನ ಕಾಗದ. ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣದ ರಕ್ಷಿತ ಸ್ಮಾರಕ. 2010ರ ತಿದ್ದುಪಡಿಯ ನಂತರ ಇಂಥ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಗೆ 200 ಮೀಟರ್ ನಿಯಂತ್ರಿತ ವಲಯ, ದುರಸ್ತಿಗೂ ಅನುಮತಿ ಬೇಕು. ಗೋಡೆ ಉಳಿಯಲು ಈ ಕಟ್ಟಳೆ ಬೇಕೇ ಬೇಕು, ನಾನು ಅದರ ವಿರೋಧಿಯಲ್ಲ. ಆದರೆ ಮಳೆಗೆ ಸೋರುವ ಮಾಡನ್ನು ಸರಿಮಾಡಿಸಲು ಅರ್ಜಿ ಹಿಡಿದು ಅಲೆಯುವ ಮನೆಯವರು ಕೊನೆಗೊಂದು ದಿನ ಬೀಗ ಹಾಕಿ ಬಡಾವಣೆಗೆ ಹೊರಟರೆ ಕೋಟೆ ಖಾಲಿಯಾಗುತ್ತದೆ. ಹಳೆಯ ಮನೆಯಲ್ಲಿ ಬಾಳುವವರಿಗೆ ಬೇಗ ಅನುಮತಿ, ಸುಣ್ಣದ ಗಾರೆ ಬಲ್ಲ ಮೇಸ್ತ್ರಿಯ ನೆರವು, ಒಂದಿಷ್ಟು ಹಣ, ಇವು ಸರ್ಕಾರ ಮಾಡಬೇಕಾದ ಕೆಲಸ. ಬೆಳಕು ಮತ್ತು ಧ್ವನಿ ಪ್ರದರ್ಶನ ಆಮೇಲೆ ಆಗಲಿ.

ಬೇಡವಾದದ್ದು ಏನಾಗುತ್ತದೆ ಎನ್ನಲು ದೂರ ಹೋಗಬೇಕಿಲ್ಲ. ಹೆಣ್ಣೂರು–ಬಾಗಲೂರು ರಸ್ತೆಯ ಕಡೆ ಕಣ್ಣೂರು ಎಂಬ ಊರಿದೆ. 19ನೆಯ ಶತಮಾನದಲ್ಲಿ ಇಡೀ ದೇಶವನ್ನು ತ್ರಿಕೋನಗಳಾಗಿ ಅಳೆದ ಮಹಾ ಸರ್ವೇಯ ಒಂದು ವೀಕ್ಷಣಾ ಗೋಪುರ ಅಲ್ಲಿತ್ತು. 1868ರ ಸುಮಾರಿಗೆ ಅಳೆದ ಬೆಂಗಳೂರಿನ ಆಧಾರರೇಖೆಯ ಒಂದು ತುದಿ ಅದು, ಇನ್ನೊಂದು ತುದಿ ಮೇಖ್ರಿ ವೃತ್ತದ ಕಡೆ. ನಮ್ಮ ನಕ್ಷೆಗಳು ನಿಂತದ್ದು ಇಂಥ ರೇಖೆಗಳ ಮೇಲೆ. ಅದಕ್ಕೆ ಪೂಜೆಯಿರಲಿಲ್ಲ, ಟಿಕೆಟ್ ಕಿಂಡಿಯಿರಲಿಲ್ಲ, ಒಳಗೆ ಯಾರೂ ವಾಸವಿರಲಿಲ್ಲ. ಒಂದೂವರೆ ಶತಮಾನ ನಿಂತಿದ್ದ ಆ ಗೋಪುರವನ್ನು 2024ರಲ್ಲಿ ನೆಲಸಮ ಮಾಡಿದರು. ಕೇಳಿದವರು ಕೆಲವೇ ಮಂದಿ. ಭೂಮಿಯ ಬೆಲೆ ಏರಿದ ಕಡೆ ಕಟ್ಟಡ ಬೀಳಿಸಲು ಹೆಚ್ಚು ಹೊತ್ತು ಬೇಡ.

ಕೇಳುಗರೇ, ಯಲಹಂಕ, ಜಕ್ಕೂರು, ಹೆಬ್ಬಾಳ, ಯಶವಂತಪುರ, ದೇವನಹಳ್ಳಿಗಳ ಕಡೆ ನಿಮ್ಮ ಮನೆಯಿದ್ದರೆ ಒಂದು ವಿನಂತಿ. ಪೈಪು ಹಾಕಲು, ಪಾಯ ತೆಗೆಯಲು ನಿಮ್ಮ ಬೀದಿಯಲ್ಲಿ ನೆಲ ಅಗೆದಾಗ ಬಗ್ಗಿ ನೋಡಿ. ಅಕ್ಷರವಿರುವ ಕಲ್ಲು ಕಂಡರೆ ಗುತ್ತಿಗೆದಾರನಿಗೆ ಹೇಳಿ ಕೆಲಸ ನಿಲ್ಲಿಸಿ. ಅದಕ್ಕೆ ಎಣ್ಣೆ ಸವರಬೇಡಿ, ಬಣ್ಣ ಬಳಿಯಬೇಡಿ, ಆಸಿಡ್ ಹಾಕಿ ತೊಳೆಯಬೇಡಿ, ಬಟ್ಟೆ ಒಗೆಯುವ ಕಲ್ಲಾಗಿಸಿಕೊಳ್ಳಬೇಡಿ. ಫೋಟೋ ತೆಗೆದು ಪುರಾತತ್ವ ಇಲಾಖೆಗೋ, ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಗೋ ತಿಳಿಸಿ. 1909ರಲ್ಲಿ ಹುಟ್ಟಿದ ಆ ಸಂಸ್ಥೆ ಈಗ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಇಡುತ್ತಿದೆ, ಅವರೇ ಬಂದು ಓದುತ್ತಾರೆ.